ನಾಲ್ಕು ವರ್ಷದ ಕೈಗೆ ದಿನಕ್ಕೆ ಎರಡು ಪುಟ ಏಕೆ?

ಪ್ರಶ್ನೆ: ನನ್ನ ಮಗನಿಗೆ ಈಗ ನಾಲ್ಕು ವರ್ಷ ಎರಡು ತಿಂಗಳು. ಜೂನ್‌ನಲ್ಲಿ ನಮ್ಮೂರಿನ ಖಾಸಗಿ ಶಾಲೆಯೊಂದರ ಎಲ್‌ಕೆಜಿಗೆ ಸೇರಿಸಿದೆವು. ದಿನಕ್ಕೆ ಎರಡು ಪುಟ ಬರೆದುಕೊಂಡು ಬರಬೇಕು: ಒಂದು ಪುಟ ಇಂಗ್ಲಿಷ್ ಅಕ್ಷರ, ಒಂದು ಪುಟ ಅಂಕಿ. ಅರ್ಧ ಪುಟ ಆಗುವಷ್ಟರಲ್ಲಿ ಕೈ ನೋಯುತ್ತದೆ ಎಂದು ಅಳುತ್ತಾನೆ. ಮೂರನ್ನೂ ಏಳನ್ನೂ ತಿರುವಿ ಬರೆಯುತ್ತಾನೆ. ಐವತ್ತರವರೆಗೆ ಎಣಿಕೆಯನ್ನು ಬಾಯಿಪಾಠ ಹೇಳುತ್ತಾನೆ, ಆದರೆ ಊಟಕ್ಕೆ ಆರು ಲೋಟ ತಾ ಎಂದರೆ ಕೈಗೆ ಸಿಕ್ಕಷ್ಟು ತರುತ್ತಾನೆ. ಮನೆಯಲ್ಲಿ ಬಾಯಿ ಮುಚ್ಚುವುದಿಲ್ಲ, ಶಾಲೆಯಲ್ಲಿ ಮಾತೇ ಆಡುವುದಿಲ್ಲವಂತೆ. ‘ಹುಡುಗ ಸ್ವಲ್ಪ ಸ್ಲೋ, ಟ್ಯೂಷನ್‌ಗೆ ಹಾಕಿ’ ಎಂದು ಟೀಚರ್ ಹೇಳಿದ್ದಾರೆ. ನಮ್ಮ ಯಜಮಾನರಿಗೂ ಅದೇ ಸರಿ ಎನಿಸಿದೆ. ‘ಅಲ್ಲಿಂದ ಬಿಡಿಸಿ ಅಂಗನವಾಡಿಗೆ ಕಳಿಸು, ಆಡಿಕೊಂಡಾದರೂ ಇರಲಿ’ ಎನ್ನುತ್ತಾರೆ ಅತ್ತೆ. ಅಂಗನವಾಡಿಯಲ್ಲಿ ಬರೆಸುವುದೇ ಇಲ್ಲ, ಮಗ ಹಿಂದೆ ಬಿದ್ದರೆ ಎಂಬ ಭಯ ನನಗೆ. ಏನು ಮಾಡಲಿ?
— ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಟ್ಯೂಷನ್ ಬೇಡ. ಇವತ್ತಿನಿಂದಲೇ ಎರಡು ಪುಟದ ಬರವಣಿಗೆಯನ್ನೂ ನಿಲ್ಲಿಸಿ. ಶಾಲೆಗೆ ಏನು ಹೇಳಬೇಕೆಂಬುದನ್ನು ಕೊನೆಯಲ್ಲಿ ಬರೆಯುತ್ತೇನೆ. ಮೊದಲು ಮಗುವಿನ ವಿಷಯ ಮಾತಾಡೋಣ. ಏಕೆಂದರೆ ನೀವು ಪಟ್ಟಿ ಮಾಡಿರುವ ‘ತೊಂದರೆ’ಗಳಲ್ಲಿ ಒಂದೂ ತೊಂದರೆಯಲ್ಲ. ಕೈನೋವು, ತಿರುವು ಅಂಕಿ, ಲೋಟದ ಲೆಕ್ಕ ತಪ್ಪುವುದು, ಶಾಲೆಯಲ್ಲಿನ ಮೌನ, ಇವೆಲ್ಲ ನಾಲ್ಕು ವರ್ಷದ ಆರೋಗ್ಯವಂತ ಮಗುವಿನ ಸಹಜ ವರ್ತನೆಗಳೇ. ಮಗು ನಿಧಾನವಾಗಿಲ್ಲ, ಅವನಿಗೆ ಕೊಟ್ಟಿರುವ ಕೆಲಸ ಅವನ ವಯಸ್ಸಿಗಿಂತ ಮುಂಚೆ ಬಂದಿದೆ.

ಕೈಯಿಂದ ಶುರು ಮಾಡುತ್ತೇನೆ. ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಹುಟ್ಟುವಾಗ ಅವು ಗಟ್ಟಿ ಮೂಳೆಯಾಗಿರುವುದಿಲ್ಲ, ಮೃದುವಾಗಿರುತ್ತವೆ. ವರ್ಷಗಳು ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತವೆ. ನಾಲ್ಕರ ಮಗುವಿನ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಮೂರೋ ನಾಲ್ಕೋ ಮೂಳೆಗಳಷ್ಟೇ ಸ್ಪಷ್ಟವಾಗಿ ಕಾಣುತ್ತವೆ. ಕೊನೆಯದು ಗಟ್ಟಿಯಾಗುವ ಹೊತ್ತಿಗೆ ಮಗು ಪ್ರೌಢಶಾಲೆಯ ಹತ್ತಿರ ಬಂದಿರುತ್ತದೆ. ಹಾಗೆಂದು ಎಂಟೂ ಗಟ್ಟಿಯಾಗುವವರೆಗೆ ಪೆನ್ಸಿಲ್ ಮುಟ್ಟಬಾರದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮುಖ್ಯ ಅಡಚಣೆ ಇರುವುದು ಹತೋಟಿಯಲ್ಲಿ. ದೇಹದ ಹತೋಟಿ ಭುಜದಿಂದ ಮೊಣಕೈಗೆ, ಅಲ್ಲಿಂದ ಮಣಿಕಟ್ಟಿಗೆ, ಕೊನೆಗೆ ಬೆರಳ ತುದಿಗೆ ಇಳಿಯುತ್ತದೆ. ಒಂದೂವರೆ ವರ್ಷದ ಮಗು ಬಳಪವನ್ನು ಮುಷ್ಟಿಯಲ್ಲಿ ಹಿಡಿದು ಇಡೀ ತೋಳಿನಿಂದ ಗೀಚುತ್ತದೆ. ಎರಡು-ಮೂರರ ಹೊತ್ತಿಗೆ ಬೆರಳುಗಳು ಮುಂದೆ ಬರುತ್ತವೆ. ನಾಲ್ಕರ ಆಸುಪಾಸಿನಲ್ಲಿ ಮೂರು ಬೆರಳಲ್ಲಿ ಹಿಡಿಯುತ್ತದಾದರೂ ಬೆರಳುಗಳು ಅಲುಗುವುದಿಲ್ಲ, ಮಣಿಕಟ್ಟೋ ಮೊಣಕೈಯೋ ಅಲುಗುತ್ತದೆ. ಬೆರಳುಗಳೇ ಹಗುರವಾಗಿ ಬಾಗಿ ನೀಡಿ ಬರೆಯುವ ಹಿಡಿತ ಐದು-ಆರರ ಹೊತ್ತಿಗೆ, ಕೆಲವರಿಗೆ ಇನ್ನೂ ತಡವಾಗಿ ಬರುತ್ತದೆ.

ನಿಮ್ಮ ಮಗ ಈಗ ಇಡೀ ತೋಳಿನ ಬಲ ಹಾಕಿ ಒಂದು ಸಣ್ಣ ಚೌಕದೊಳಗೆ ಅಕ್ಷರ ಕೂರಿಸಲು ಹೆಣಗುತ್ತಿದ್ದಾನೆ. ಕೈ ನೋಯುತ್ತದೆ ಎಂದರೆ ನಿಜಕ್ಕೂ ನೋಯುತ್ತದೆ, ಅದು ನೆಪವಲ್ಲ. ಯಜಮಾನರಿಗೆ ಅನುಮಾನವಿದ್ದರೆ ಎಡಗೈಯಲ್ಲಿ (ಅವರು ಎಡಚರಾಗಿದ್ದರೆ ಬಲಗೈಯಲ್ಲಿ) ನಾಲ್ಕು ಗೆರೆಯ ಪುಸ್ತಕದ ಒಂದು ಪುಟ ಬರೆಯಲು ಹೇಳಿ, ಪಕ್ಕದಲ್ಲಿ ನಿಂತು ‘ಗೆರೆ ದಾಟಬೇಡ, ಬೇಗ ಬೇಗ’ ಎನ್ನುತ್ತಿರಿ. ಹಲವು ಅಪ್ಪಂದಿರಿಗೆ ಇದನ್ನು ಮಾಡಿಸಿದ್ದೇನೆ. ಅರ್ಧ ಪುಟಕ್ಕೆ ಪೆನ್ಸಿಲ್ ಕೆಳಗಿಡುತ್ತಾರೆ.

ಕಣ್ಣಿನಿಂದ ಕಂಡ ಆಕಾರವನ್ನು ಕೈಯಿಂದ ಬಿಡಿಸುವುದಕ್ಕೂ ಒಂದು ಕ್ರಮವಿದೆ. ಎರಡರ ಆಸುಪಾಸಿನಲ್ಲಿ ನೆಟ್ಟಗಿನ ಗೆರೆ, ಮೂರಕ್ಕೆ ವೃತ್ತ, ನಾಲ್ಕಕ್ಕೆ ಕೂಡುವ ಚಿಹ್ನೆ, ನಾಲ್ಕೂವರೆ-ಐದಕ್ಕೆ ಚೌಕ, ಐದು ದಾಟಿದ ಮೇಲೆ ತ್ರಿಕೋನ. ಓರೆಗೆರೆ ಎಲ್ಲಕ್ಕಿಂತ ಕಷ್ಟ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಎ, ಕೆ, ಎಂ, ಎನ್, ವಿ, ಡಬ್ಲ್ಯೂ, ಎಕ್ಸ್ ಎಲ್ಲದಕ್ಕೂ ಓರೆಗೆರೆ ಬೇಕು. ಕನ್ನಡದ ಅ, ಣ, ಜ ಬರೆಯಲು ಸುತ್ತು ಹಾಕಿ, ನಡುವೆ ದಿಕ್ಕು ಬದಲಿಸಿ, ಮತ್ತೆ ಮೇಲಕ್ಕೆ ಹೋಗಬೇಕು. ತ್ರಿಕೋನ ಬಿಡಿಸಲಾಗದ ಕೈಗೆ ಇವನ್ನು ದಿನವೂ ಪುಟಗಟ್ಟಲೆ ಕೊಟ್ಟರೆ ಮಗು ಅಕ್ಷರ ಕಲಿಯುವುದಿಲ್ಲ. ‘ಬರೆಯುವುದೆಂದರೆ ನೋವು, ನನಗೆ ಬರುವುದಿಲ್ಲ’ ಎಂಬುದನ್ನು ಮಾತ್ರ ಚೆನ್ನಾಗಿ ಕಲಿಯುತ್ತದೆ. ತಪ್ಪು ಹಿಡಿತವೂ ರೂಢಿಯಾಗಿಬಿಡುತ್ತದೆ. ಎರಡು ಮೂರು ವರ್ಷದ ನಂತರ ಅದನ್ನು ತಿದ್ದುವುದು ಎಷ್ಟು ಕಷ್ಟವೆಂದು ಒಂದನೆಯ ತರಗತಿಯ ಶಿಕ್ಷಕಿಯರನ್ನು ಕೇಳಿ.

ಹಾಗಾದರೆ ಕೈಗೆ ಏನು ಬೇಕು? ನಿಮ್ಮ ಜಿಲ್ಲೆಯಲ್ಲಿ ಅವರೆಕಾಯಿ ಕಾಲ ಬಂದಾಗ ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕಾಯಿ ಸುಲಿಯಲಿ. ನೆನೆಸಿದ ಕಾಳನ್ನು ಹೆಬ್ಬೆರಳು-ತೋರುಬೆರಳ ನಡುವೆ ಹಿಡಿದು ಹಿತುಕಿ, ಬೇಳೆ ಚಿಮ್ಮಿ ಪಾತ್ರೆಗೆ ಬೀಳುವುದನ್ನು ನೋಡಲಿ. ಹಿತಕಿದ ಬೇಳೆಯ ಸಾರಿಗೆ ಒಂದು ಬಟ್ಟಲು ಹಿತುಕುವ ಮಗುವಿನ ಆ ಎರಡು ಬೆರಳುಗಳು ಪೆನ್ಸಿಲಿಗೆ ಬೇಕಾದ ಕೆಲಸವನ್ನೇ ಮಾಡುತ್ತಿರುತ್ತವೆ, ಅದೂ ನಗುತ್ತ. ಚಪಾತಿ ಹಿಟ್ಟು ಅದುಮುವುದು, ಕೊತ್ತಂಬರಿ ಸೊಪ್ಪು ಬಿಡಿಸುವುದು, ಒದ್ದೆ ಬಟ್ಟೆ ಹಿಂಡುವುದು, ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುವುದು, ಇವು ಯಾವುವೂ ಕಾಲಹರಣವಲ್ಲ. ಮಣ್ಣಿನಲ್ಲಿ ಆಡುವುದು, ಮರ ಹತ್ತುವುದು, ಜೋತು ಬೀಳುವುದು ಭುಜವನ್ನು ಗಟ್ಟಿ ಮಾಡುತ್ತವೆ. ಭುಜ ನಿಲ್ಲದೆ ಬೆರಳು ನಿಲ್ಲುವುದಿಲ್ಲ. ಹಿತ್ತಲ ಗೋಡೆಯ ಮೇಲೆ ಒದ್ದೆ ಬ್ರಷ್‌ನಿಂದ ನೀರಿನ ಚಿತ್ರ ಬರೆಯಲು ಬಿಡಿ. ನಿಂತು, ಗೋಡೆಯ ಮೇಲೆ ಬರೆಯುವಾಗ ಮಣಿಕಟ್ಟು ಬರವಣಿಗೆಗೆ ಬೇಕಾದ ಬಾಗಿಗೆ ತಾನಾಗಿಯೇ ಬರುತ್ತದೆ. ಉದ್ದ ಪೆನ್ಸಿಲಿಗಿಂತ ಮುರಿದ ಬಳಪದ ತುಂಡು ಒಳ್ಳೆಯದು, ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದೇ ಇಲ್ಲ. ಬೆಳಿಗ್ಗೆ ಅತ್ತೆ ರಂಗೋಲಿ ಹಾಕುವಾಗ ಪಕ್ಕದಲ್ಲಿ ನಾಲ್ಕು ಚುಕ್ಕಿ ಇಟ್ಟುಕೊಡಲಿ, ಸೇರಿಸುವುದು ಅವನ ಪಾಲಿಗಿರಲಿ. (ಒಂದು ಎಚ್ಚರಿಕೆ: ಕಾಳು, ಕಡಲೆಬೀಜ, ಮಣಿಗಳನ್ನು ಕೊಟ್ಟಾಗ ಎದುರಿಗೇ ಇರಿ. ಈ ವಯಸ್ಸಿನಲ್ಲಿ ಅವು ಮೂಗಿಗೂ ಗಂಟಲಿಗೂ ಹೋಗುತ್ತವೆ.)

ತಿರುವಿ ಬರೆಯುವ ಅಂಕಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಚಮಚ ಎಡಕ್ಕೆ ತಿರುಗಿದ್ದರೂ ಚಮಚವೇ, ಬಲಕ್ಕೆ ತಿರುಗಿದ್ದರೂ ಚಮಚವೇ. ಹಸು ಯಾವ ಕಡೆಗೆ ಮುಖ ಮಾಡಿ ನಿಂತರೂ ಹಸುವೇ. ಮಗುವಿನ ಮಿದುಳು ನಾಲ್ಕು ವರ್ಷ ಈ ಪಾಠವನ್ನೇ ಕಲಿತಿದೆ, ಸರಿಯಾಗಿಯೇ ಕಲಿತಿದೆ. ಅಕ್ಷರ ಮತ್ತು ಅಂಕಿಗಳಿಗೆ ಮಾತ್ರ ಈ ನಿಯಮ ಅನ್ವಯವಾಗುವುದಿಲ್ಲ ಎಂದು ತಿಳಿಯಲು ಅದಕ್ಕೆ ಕಾಲ ಬೇಕು. ಆರು-ಏಳು ವರ್ಷದವರೆಗೂ ಆಗಾಗ ತಿರುವಿ ಬರೆಯುವುದು ಸಾಮಾನ್ಯ. ಇಷ್ಟಕ್ಕೇ ನಾಲ್ಕರ ಮಗುವನ್ನು ‘ಡಿಸ್ಲೆಕ್ಸಿಯಾ’ ಎಂದು ಕರೆಯುವವರಿಂದ ದೂರವಿರಿ. ಕಲಿಕೆಯ ನಿರ್ದಿಷ್ಟ ತೊಂದರೆಗಳನ್ನು ಇಷ್ಟು ಬೇಗ ನಿರ್ಧರಿಸಲು ಬರುವುದಿಲ್ಲ.

ಲೋಟದ ಪ್ರಸಂಗ ನನಗೆ ಬಹಳ ಇಷ್ಟವಾಯಿತು, ನೀವು ಗಮನಿಸಿ ನೋಡುವ ತಾಯಿ. ಐವತ್ತರವರೆಗೆ ಹೇಳುವುದು ಬಾಯಿಯ ನೆನಪು. ಆರು ಲೋಟ ಎಣಿಸಿ ತಂದು, ‘ಆರು’ ಎಂದಾಗ ಅದು ಕೊನೆಯ ಲೋಟದ ಹೆಸರಲ್ಲ, ಇಡೀ ಗುಂಪಿನ ಅಳತೆ ಎಂದು ತಿಳಿಯುವುದು ಗಣಿತ. ಹೆಚ್ಚಿನ ಮಕ್ಕಳು ಮೊದಲು ‘ಒಂದು ಕೊಡು’ ಎಂದರೆ ಒಂದು ಕೊಡುತ್ತಾರೆ, ಉಳಿದದ್ದಕ್ಕೆಲ್ಲ ಮುಷ್ಟಿ ತುಂಬ ಕೊಡುತ್ತಾರೆ. ತಿಂಗಳುಗಳ ನಂತರ ಎರಡು, ಆಮೇಲೆ ಮೂರು. ಇಷ್ಟಾದ ಮೇಲೆ ಮೂರೂವರೆ-ನಾಲ್ಕರ ಸುಮಾರಿಗೆ, ಕೆಲವರಿಗೆ ಸ್ವಲ್ಪ ತಡವಾಗಿ, ಒಮ್ಮೆಲೇ ಎಲ್ಲ ಸಂಖ್ಯೆಗಳ ಗುಟ್ಟು ಹಿಡಿಯುತ್ತದೆ. ಅಂಕಿಯನ್ನು ನೂರು ಸಲ ಬರೆಸುವುದರಿಂದ ಈ ಗುಟ್ಟು ಬೇಗ ಸಿಗುವುದಿಲ್ಲ. ದಿನವೂ ತಟ್ಟೆ ಲೋಟ ಹಾಕುವ ಕೆಲಸ ಅವನಿಗೇ ಕೊಡಿ: ಅಜ್ಜಿಗೊಂದು, ಅಪ್ಪನಿಗೊಂದು, ನಿನಗೊಂದು. ಕಡಿಮೆ ಬಿದ್ದರೆ ‘ತಪ್ಪು’ ಎನ್ನಬೇಡಿ, ‘ಅಜ್ಜಿಗೆ ಲೋಟ ಬಂದಿಲ್ಲವಲ್ಲ’ ಎನ್ನಿ. ಮನೆಯಲ್ಲಿ ಅಳಗುಳಿಮಣೆ ಇದ್ದರೆ ಹೊರತೆಗೆಯಿರಿ. ಗುಳಿಗೊಂದು ಕಾಳು ಹಾಕುತ್ತ ಹೋಗುವ ಆ ಆಟದಲ್ಲಿ ಕೈ, ಕಣ್ಣು, ಎಣಿಕೆ ಮೂರೂ ಒಟ್ಟಿಗೆ ನಡೆಯುತ್ತವೆ.

ಈಗ ಅಕ್ಷರದ ಮಾತು. ‘ಎಬಿಸಿಡಿಯೂ ಬರೆಯಲು ಬರದಿದ್ದರೆ ಮುಂದೆ ಓದುವುದು ಹೇಗೆ’ ಎಂಬ ಆತಂಕ ನಮ್ಮಲ್ಲಿ ಎಷ್ಟು ಆಳವಾಗಿದೆಯೆಂದರೆ, ಓದಿಗೆ ಅಡಿಪಾಯ ಕಿವಿ ಮತ್ತು ಬಾಯಿ ಎಂಬುದೇ ಮರೆತುಹೋಗಿದೆ. ಓದು ಎಂದರೆ ಆಡುವ ಮಾತನ್ನು ಗುರುತುಗಳಲ್ಲಿ ಕಾಣುವುದು. ಮಾತೇ ತೆಳುವಾಗಿದ್ದರೆ ಗುರುತು ಬಂದೂ ಅರ್ಥ ಬರುವುದಿಲ್ಲ. ಕನ್ನಡದಲ್ಲಿ ಓದು ಹೇಗೆ ಬೆಳೆಯುತ್ತದೆ ಎಂಬುದನ್ನು ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೋನಾಲಿ ನಾಗ್ ಅವರು ಕರ್ನಾಟಕದ ಮಕ್ಕಳ ನಡುವೆಯೇ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಕನ್ನಡದ ಅಕ್ಷರಗಳನ್ನು ಪೂರ್ತಿ ಹಿಡಿತಕ್ಕೆ ತಂದುಕೊಳ್ಳುವುದು ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಆಶ್ಚರ್ಯವೇನೂ ಇಲ್ಲ. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ, ನಮ್ಮಲ್ಲಿ ಕಾಗುಣಿತ ಸೇರಿದರೆ ನಾನೂರಕ್ಕೂ ಹೆಚ್ಚು ರೂಪಗಳು, ಒತ್ತಕ್ಷರ ಬೇರೆ. ಇದು ನಿಧಾನದ ಕೆಲಸ. ನಾಲ್ಕರಲ್ಲಿ ಮುಗಿಸಬೇಕಾದದ್ದಲ್ಲ, ಮುಗಿಸಲು ಆಗುವಂಥದ್ದೂ ಅಲ್ಲ.

ಆದರೆ ನಾಲ್ಕರಲ್ಲಿ ಮಾಡಬಹುದಾದದ್ದು ಬೇಕಾದಷ್ಟಿದೆ. ಕನ್ನಡದ ಮಗುವಿನ ಕಿವಿಗೆ ಮೊದಲು ಸಿಗುವುದು ಇಡೀ ಅಕ್ಷರದ ಸದ್ದು. ‘ಬಾ-ಳೆ-ಹ-ಣ್ಣು’ ಎಂದು ಚಪ್ಪಾಳೆ ತಟ್ಟಿಸಿ. ‘ಅರಸ’ನಿಂದ ‘ಅ’ ಓಡಿಹೋದರೆ ಏನು ಉಳಿಯಿತು ಎಂದು ಕೇಳಿ. ಮೊದಲ ದಿನ ಮಿಕಿಮಿಕಿ ನೋಡುತ್ತಾನೆ. ಕೆಲವು ವಾರ ಆಡಿದ ಮೇಲೆ ‘ರಸ!’ ಎಂದು ಕೂಗಿದಾಗ ನೀವೇ ಬೆರಗಾಗುತ್ತೀರಿ. ಅವನು ಹೇಳಿದ ಕತೆಯನ್ನು ಅವನ ಎದುರೇ ಬರೆದು, ಬೆರಳಿಟ್ಟು ಓದಿ ಹೇಳಿ. ತನ್ನ ಮಾತು ಕಾಗದದ ಮೇಲೆ ಕೂತು ಮತ್ತೆ ಮಾತಾಗುವುದನ್ನು ಕಂಡ ಮಗುವಿಗೆ ಓದಿನ ಅರ್ಥ ಗೊತ್ತಾಗಿರುತ್ತದೆ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಒಂದನೆಯ ತರಗತಿಯ ಮಕ್ಕಳಿಗೂ ಅಆಇಈ ಕ್ರಮದಲ್ಲಿ ಅಕ್ಷರ ಹೇಳಿಕೊಡುವುದಿಲ್ಲ. ರ, ಗ, ಸ, ದ, ಅ ಎಂದು ಶುರುವಾಗುತ್ತದೆ, ಏಕೆಂದರೆ ಆ ಐದರಿಂದಲೇ ಸರ, ಗರಗಸ, ಅರಸ, ದರ ಎಂದು ಮಗುವಿಗೆ ಅರ್ಥವಾಗುವ ಪದಗಳು ಹುಟ್ಟುತ್ತವೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು ಕಟ್ಟಿದ ಕ್ರಮ ಅದು. ಆರು ವರ್ಷದವರಿಗೇ ಅಷ್ಟು ಯೋಚಿಸಿ ಅಕ್ಷರ ಕೊಡುವ ನಾಡಿನಲ್ಲಿ ನಾಲ್ಕರವರಿಗೆ ಯೋಚಿಸದೆ ಪುಟಗಟ್ಟಲೆ ಬರೆಸುತ್ತಿದ್ದೇವೆಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಶಾಲೆಯಲ್ಲಿ ಮೌನವಾಗಿರುವುದಕ್ಕೂ ಭಾಷೆಗೂ ಸಂಬಂಧವಿದೆ. ಮನೆಯಲ್ಲಿ ಕನ್ನಡ, ಅಲ್ಲಿ ಇಂಗ್ಲಿಷ್. ಅರ್ಥವಾಗದ ಭಾಷೆಯ ನಡುವೆ ಬಿದ್ದ ಮಗು ಕೆಲವು ತಿಂಗಳು ಸುಮ್ಮನೆ ಕೇಳಿಸಿಕೊಳ್ಳುತ್ತ ಕೂರುವುದು ಎಲ್ಲ ದೇಶಗಳಲ್ಲೂ ಕಾಣುವ ವಿಷಯ. ಅಂಗಡಿಯವರೊಡನೆ, ಪಕ್ಕದ ಮನೆಯವರೊಡನೆ ಕನ್ನಡದಲ್ಲಿ ಮಾತಾಡುತ್ತಾನೆಯೇ? ಹಾಗಿದ್ದರೆ ಚಿಂತೆ ಬೇಡ. ದಯವಿಟ್ಟು ‘ಇಂಗ್ಲಿಷ್ ಬರಲಿ’ ಎಂದು ಮನೆಯಲ್ಲಿ ನೀವು ಅರೆಬರೆ ಇಂಗ್ಲಿಷಿಗೆ ಬದಲಾಗಬೇಡಿ. ನಿಮ್ಮ ಕನ್ನಡ ತುಂಬಿದ್ದು. ಕಾರಣ ಹೇಳುವುದು, ಹೋಲಿಸುವುದು, ನಾಳೆಯ ಬಗ್ಗೆ ಊಹಿಸುವುದು, ಬೇಸರವನ್ನು ಮಾತಿನಲ್ಲಿ ತೋಡಿಕೊಳ್ಳುವುದು, ಇವನ್ನೆಲ್ಲ ಮಗು ತುಂಬಿದ ಭಾಷೆಯಲ್ಲೇ ಕಲಿಯಬೇಕು. ಒಂದು ಭಾಷೆಯಲ್ಲಿ ಅವು ಗಟ್ಟಿಯಾದರೆ ಇನ್ನೊಂದಕ್ಕೂ ಒದಗುತ್ತವೆ.

ಇಲ್ಲಿಯವರೆಗೆ ಓದಿ ‘ಹಾಗಾದರೆ ಅತ್ತೆ ಹೇಳಿದ್ದೇ ಸರಿ, ಆಡಿಕೊಂಡಿರಲಿ’ ಎಂದು ನೀವು ಅಂದುಕೊಂಡಿದ್ದರೆ ಸ್ವಲ್ಪ ತಾಳಿ. ಮಕ್ಕಳನ್ನು ಒಂದು ಕೋಣೆಯಲ್ಲಿ ಬಿಟ್ಟು ‘ಆಡಿಕೊಳ್ಳಿ’ ಎಂದರೆ ಸಾಲದು. ಆಟದಿಂದ ಕಲಿಕೆಯಾಗಬೇಕಾದರೆ ಪಕ್ಕದಲ್ಲಿ ಮಾತಾಡುವ, ಕೇಳಿಸಿಕೊಳ್ಳುವ ದೊಡ್ಡವರೊಬ್ಬರು ಇರಬೇಕು. ಮಗು ಒಂದು ಮಾತು ಆಡಿದಾಗ ಅದನ್ನು ಹಿಡಿದು ಇನ್ನೊಂದು ಮಾತು ಸೇರಿಸಿ ವಾಪಸ್ ಕೊಡಬೇಕು. ‘ಇರುವೆ ಹೋಗ್ತಿದೆ’ ಎಂದರೆ, ‘ಹೌದಲ್ಲ, ಬಾಯಲ್ಲಿ ಏನೋ ಹೊತ್ತುಕೊಂಡಿದೆ, ಎಲ್ಲಿಗೆ ಇರಬಹುದು?’ ಮೊದಲ ವರ್ಷಗಳಲ್ಲಿ ಮಗುವಿನ ಮಿದುಳಿನ ನರಕೋಶಗಳ ನಡುವೆ ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಹೊಸ ಸಂಪರ್ಕಗಳು ಹುಟ್ಟುತ್ತವೆ ಎಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಮಕ್ಕಳ ಬೆಳವಣಿಗೆ ಕೇಂದ್ರ ಹೇಳುತ್ತದೆ. ಬಳಸಿದ ಸಂಪರ್ಕಗಳು ಗಟ್ಟಿಯಾಗುತ್ತವೆ, ಬಳಸದವು ಕಳಚಿಕೊಳ್ಳುತ್ತವೆ. ಇಂಥ ಕೊಡು-ಕೊಳ್ಳುವ ಮಾತೇ ಆ ಬಳಕೆ. ಟಿವಿ, ಮೊಬೈಲ್ ಮಾತಾಡುತ್ತವೆ, ಮಗುವಿನ ಮಾತಿಗೆ ಓಗೊಡುವುದಿಲ್ಲ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಮೂರು-ನಾಲ್ಕರ ಮಕ್ಕಳಿಗೆ ದಿನದಲ್ಲಿ ಮೂರು ಗಂಟೆ ಓಡಾಟ, ಹತ್ತರಿಂದ ಹದಿಮೂರು ಗಂಟೆ ನಿದ್ದೆ ಬೇಕೆಂಬುದೂ ಅದೇ ಮಾರ್ಗಸೂಚಿಯಲ್ಲಿದೆ. ಎರಡು ಪುಟ ಮುಗಿಸಲು ರಾತ್ರಿ ಹತ್ತರವರೆಗೆ ಕೂರಿಸುವ ಮನೆಗಳಲ್ಲಿ ಮೊದಲು ಹೋಗುವುದು ಈ ನಿದ್ದೆಯೇ.

ಇನ್ನೊಂದು ಸಾಮರ್ಥ್ಯದ ಬಗ್ಗೆ ಪೋಷಕರು ಕೇಳುವುದೇ ಇಲ್ಲ, ಶಾಲೆಯೂ ಹೇಳುವುದಿಲ್ಲ: ತನ್ನನ್ನು ತಾನು ತಡೆದು ನಿಲ್ಲಿಸಿಕೊಳ್ಳುವುದು, ಹೇಳಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು, ನಿಯಮ ಬದಲಾದರೆ ಬದಲಾಗುವುದು. ಮುಂದಿನ ಓದಿಗೂ ಗಣಿತಕ್ಕೂ ಇದು ನಾಲ್ಕರಲ್ಲಿ ಕಲಿತ ಅಕ್ಷರಗಳಷ್ಟೇ ಮುಖ್ಯ ಎಂದು ಮಕ್ಕಳ ಬೆಳವಣಿಗೆಯನ್ನು ಅಧ್ಯಯನ ಮಾಡುವವರು ಹೇಳುತ್ತಾರೆ. ಇದನ್ನು ಕಲಿಸಲು ನಮ್ಮಲ್ಲಿ ಎಂಥ ಆಟವಿದೆ! ಕೆರೆ-ದಡ. ಒಬ್ಬರು ‘ಕೆರೆ’ ಎಂದಾಗ ಒಳಗೆ ಹಾರಬೇಕು, ‘ದಡ’ ಎಂದಾಗ ಹೊರಗೆ. ಎರಡು ಸಲ ‘ದಡ, ದಡ’ ಎಂದರೆ ಹಾರಲು ಎದ್ದ ಕಾಲನ್ನು ಅಲ್ಲೇ ತಡೆಯಬೇಕು. ಆ ತಡೆಯುವ ಕ್ಷಣದಲ್ಲಿ ಮಗುವಿನ ಮಿದುಳು ಮಾಡುವ ಕೆಲಸವನ್ನು ಯಾವ ಕಾಪಿ ಪುಸ್ತಕವೂ ಮಾಡಿಸಲಾರದು. ದಿನಾ ಸಂಜೆ ಹತ್ತು ನಿಮಿಷ ಆಡಿಸಿ. ಸ್ವಲ್ಪ ದಿನದ ನಂತರ ಕೂಗುವ ಪಾಳಿ ಅವನಿಗೇ ಕೊಡಿ.

ಬೇಗ ಶುರು ಮಾಡಿದವರು ಮುಂದಿರುತ್ತಾರೆ ಎಂಬ ನಂಬಿಕೆಯನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ನ್ಯೂಜಿಲೆಂಡಿನಲ್ಲಿ ಐದಕ್ಕೆ ಓದಲು ಕಲಿತ ಮಕ್ಕಳನ್ನೂ ಏಳಕ್ಕೆ ಕಲಿತವರನ್ನೂ ಹೋಲಿಸಿದರು. ಹನ್ನೊಂದರ ಹೊತ್ತಿಗೆ ಇಬ್ಬರ ಓದಿನ ಸರಾಗದಲ್ಲಿ ವ್ಯತ್ಯಾಸ ಉಳಿದಿರಲಿಲ್ಲ. ಅಮೆರಿಕದ ಟೆನೆಸಿ ರಾಜ್ಯದಲ್ಲಿ ಬಡ ಕುಟುಂಬಗಳ 2,990 ಮಕ್ಕಳನ್ನು ಸರ್ಕಾರಿ ಶಾಲಾಪೂರ್ವ ತರಗತಿಗಳಿಗೆ ಲಾಟರಿ ಮೂಲಕ ಆರಿಸಿ, ಸೀಟು ಸಿಕ್ಕವರನ್ನೂ ಸಿಗದವರನ್ನೂ ವರ್ಷಗಟ್ಟಲೆ ಹಿಂಬಾಲಿಸಿದರು. ಶುರುವಿನಲ್ಲಿ ಸೀಟು ಸಿಕ್ಕವರು ಮುಂದಿದ್ದರು. ಆರನೆಯ ತರಗತಿಯ ಹೊತ್ತಿಗೆ ಅಂಕಗಳಲ್ಲೂ ನಡವಳಿಕೆಯಲ್ಲೂ ಅವರೇ ಹಿಂದಿದ್ದರೆಂದು 2022ರ ವರದಿ ಹೇಳಿತು. ಕಾರಣವೇನೆಂಬ ಚರ್ಚೆ ಮುಗಿದಿಲ್ಲ. ಆದರೆ ಶಾಲಾಪೂರ್ವ ತರಗತಿ ಎಂದಾಕ್ಷಣ ಒಳ್ಳೆಯದಾಗಿಬಿಡುವುದಿಲ್ಲ, ಅದರೊಳಗೆ ಏನು ನಡೆಯುತ್ತದೆ ಎಂಬುದೇ ಎಲ್ಲ.

ಅಂಗನವಾಡಿಗೂ ಇದೇ ಮಾತು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದಾಗ ಕರ್ನಾಟಕದಲ್ಲಿ ಮೊದಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಇಂದು ಪ್ರತಿ ಹಳ್ಳಿಯಲ್ಲೂ ಇರುವ ಈ ಮನೆಗೆ ನಾವು ಕೊಡಬೇಕಾದ ಗೌರವ ಕೊಟ್ಟಿಲ್ಲ. ಕಾರ್ಯಕರ್ತೆಗೆ ‘ಚಿಲಿಪಿಲಿ’ ಎಂಬ ಒಳ್ಳೆಯ ಪಠ್ಯಕ್ರಮವಿದೆ: ಹಾಡು, ಕತೆ, ಬಣ್ಣ, ವಿಂಗಡಿಸುವ ಆಟ, ಹೊರಾಂಗಣ, ಎಲ್ಲ ವಾರದ ವಿಷಯಕ್ಕೆ ತಕ್ಕಂತೆ. ಇಲ್ಲದಿರುವುದು ಸಮಯ. ಗರ್ಭಿಣಿಯರ ಊಟ, ಮಕ್ಕಳ ತೂಕ, ಮೊಟ್ಟೆ, ಹಾಲು, ಮೊಬೈಲ್‌ನಲ್ಲಿ ಲೆಕ್ಕ ತುಂಬುವುದು, ಸಮೀಕ್ಷೆ, ಎಲ್ಲವೂ ಒಬ್ಬಳ ತಲೆಯ ಮೇಲೆ. ತಮಿಳುನಾಡಿನಲ್ಲಿ 640 ಅಂಗನವಾಡಿಗಳ ನಡುವೆ ಒಂದು ಪ್ರಯೋಗ ಮಾಡಿದರು. ಕೆಲವಕ್ಕೆ ಶಾಲಾಪೂರ್ವ ಶಿಕ್ಷಣಕ್ಕೆಂದೇ ಅರ್ಧ ದಿನದ ಒಬ್ಬ ಹೆಚ್ಚುವರಿ ಕಾರ್ಯಕರ್ತೆಯನ್ನು ಕೊಟ್ಟರು. ಕಲಿಕೆಗೆ ಸಿಗುವ ಸಮಯ ಎರಡರಷ್ಟಾಯಿತು, ಮಕ್ಕಳ ಭಾಷೆ ಮತ್ತು ಗಣಿತ ಸುಧಾರಿಸಿತು, ಅಪೌಷ್ಟಿಕತೆಯೂ ತಗ್ಗಿತು. ಅಂಗನವಾಡಿಗಳ ಕೊರತೆ ಎಲ್ಲಿದೆ ಎಂಬುದು ಇದಕ್ಕಿಂತ ಸ್ಪಷ್ಟವಾಗಬೇಕೆ? ನಮ್ಮ ರಾಜ್ಯದಲ್ಲಿ ಅಂಗನವಾಡಿಯಲ್ಲೇ ಎಲ್‌ಕೆಜಿ, ಯುಕೆಜಿ ನಡೆಸುವ ಪ್ರಯತ್ನ 2024ರಲ್ಲಿ ಶುರುವಾಗಿದೆ. ಹೆಸರು ಬದಲಾದ ಕೋಣೆಗೆ ಇನ್ನೊಬ್ಬ ಕಾರ್ಯಕರ್ತೆ ಬರದೆ ನಾಲ್ಕು ಗೆರೆಯ ಪುಸ್ತಕ ಮಾತ್ರ ಬಂದರೆ ನಾನಂತೂ ಅದನ್ನು ವಿರೋಧಿಸುತ್ತೇನೆ.

ಹಾಗಾಗಿ ‘ಅಂಗನವಾಡಿಯೋ ಎಲ್‌ಕೆಜಿಯೋ’ ಎಂದು ನನ್ನನ್ನು ಕೇಳಬೇಡಿ. ಎರಡೂ ಕಡೆ ಹೋಗಿ ಒಂದು ಗಂಟೆ ಕೂತು ನೋಡಿ. ಕೂರಲು ಬಿಡದ ಜಾಗವಾದರೆ ಅದೇ ಒಂದು ಉತ್ತರ. ಗೋಡೆಯ ಬಣ್ಣ ನೋಡಬೇಡಿ. ಯಾರು ಮಾತಾಡುತ್ತಿದ್ದಾರೆ ಎಂದು ಕಿವಿಗೊಡಿ, ಟೀಚರ್ ಒಬ್ಬರೇ ಹೇಳಿ ಮಕ್ಕಳೆಲ್ಲ ರಾಗವಾಗಿ ಒಪ್ಪಿಸುತ್ತಿದ್ದಾರೆಯೇ ಅಥವಾ ಒಂದೊಂದು ಮಗುವಿನ ಮಾತಿಗೂ ಯಾರಾದರೂ ಬಗ್ಗಿ ಕಿವಿಗೊಡುತ್ತಾರೆಯೇ. ಆಟದ ಸಾಮಾನು ಮಕ್ಕಳ ಕೈಯಲ್ಲಿದೆಯೇ, ಬೀರುವಿನ ಮೇಲಿದೆಯೇ. ಅತ್ತ ಮಗುವನ್ನು ಎತ್ತಿಕೊಳ್ಳುತ್ತಾರೆಯೇ. ಮಕ್ಕಳು ಹೊರಗೆ ಎಷ್ಟು ಹೊತ್ತು ಇರುತ್ತಾರೆ. ಇದರಲ್ಲಿ ಗೆದ್ದ ಕಡೆ ಕಳಿಸಿ, ಅದು ಯಾವುದಾದರೂ ಸರಿ. ನಿಮ್ಮ ಅಂಗನವಾಡಿಯ ಕಾರ್ಯಕರ್ತೆ ಚೆನ್ನಾಗಿ ನಡೆಸುವವರಾದರೆ ಹಿಂಜರಿಯಬೇಡಿ, ಮಗ ಏನನ್ನೂ ಕಳೆದುಕೊಳ್ಳುವುದಿಲ್ಲ. ಒಂದನೆಯ ತರಗತಿಗೆ ಜೂನ್ 1ಕ್ಕೆ ಆರು ತುಂಬಿರಬೇಕೆಂಬುದು ರಾಜ್ಯದ ನಿಯಮ. ಅವನಿಗೆ ಇನ್ನೂ ಸುಮಾರು ಎರಡು ವರ್ಷವಿದೆ.

ಚಿಂತೆ ಮಾಡಬೇಕಾದ ಸಂಗತಿಗಳೂ ಇವೆ, ಅವನ್ನು ಮುಚ್ಚಿಡಬಾರದು. ನಾಲ್ಕರ ಮಗು ಮೂರು-ನಾಲ್ಕು ಪದಗಳ ವಾಕ್ಯ ಆಡದಿದ್ದರೆ, ಅದರ ಮಾತು ಹೊರಗಿನವರಿಗೆ ಬಹುಪಾಲು ಅರ್ಥವಾಗದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಕಣ್ಣು ಸೇರಿಸದಿದ್ದರೆ, ಅಡುಗೆ ಆಟ, ಬಸ್ಸಿನ ಆಟದಂಥ ಸೋಗಿನ ಆಟ ಆಡದಿದ್ದರೆ, ಕಲಿತ ಮಾತನ್ನೋ ನಡಿಗೆಯನ್ನೋ ಕಳೆದುಕೊಂಡಿದ್ದರೆ ತಡ ಮಾಡಬಾರದು. ನಿಮ್ಮ ಪತ್ರ ನೋಡಿದರೆ ಇವು ಯಾವುವೂ ನಿಮ್ಮ ಮಗನಿಗೆ ಇಲ್ಲ. ಆದರೂ ಕಿವಿಯನ್ನು ಒಮ್ಮೆ ಪರೀಕ್ಷಿಸಿ, ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿಯೊಳಗೆ ನೀರು ತುಂಬಿ ತರಗತಿಯ ಮಾತು ಸರಿಯಾಗಿ ಕೇಳಿಸದೆ ಇರಬಹುದು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಖಾಸಗಿ ಶಾಲೆಗೆ ಹೋಗುವ ಮಗುವಾದರೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮಾತು ಮತ್ತು ಶ್ರವಣದ ತೊಂದರೆಗಳಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಇನ್ನು ಶಾಲೆಗೆ ಹೇಳಬೇಕಾದದ್ದು. ಜಗಳ ಬೇಡ. ಆ ಟೀಚರ್ ಮೇಲೂ ಒತ್ತಡವಿದೆ, ಪುಸ್ತಕ ತುಂಬದಿದ್ದರೆ ‘ಏನೂ ಕಲಿಸುತ್ತಿಲ್ಲ’ ಎಂದು ದೂರುವವರು ನಮ್ಮಂಥ ಪೋಷಕರೇ. ಅವರ ಜೊತೆ ಬಿಡುವಾಗಿ ಕೂತು ಮಾತಾಡಿ. ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿ ಎರಡನೆಯ ತರಗತಿಯವರೆಗೂ ಮನೆಗೆಲಸ ಕೊಡಬಾರದು ಎನ್ನುತ್ತದೆ. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದವರ ಕಲಿಕೆಯನ್ನು ಆಟದ ಮೇಲೇ ಕಟ್ಟಿದೆ. ಈ ಎರಡನ್ನೂ ಪ್ರಸ್ತಾಪಿಸಿ, ‘ಮನೆಯಲ್ಲಿ ಅವನ ಕೈಗೆ ನಾವು ಬೇರೆ ಕೆಲಸ ಕೊಡುತ್ತಿದ್ದೇವೆ, ಪುಟ ಖಾಲಿ ಬಂದರೆ ದಯವಿಟ್ಟು ಬೈಯಬೇಡಿ’ ಎಂದು ಕೇಳಿಕೊಳ್ಳಿ. ಇನ್ನಿಬ್ಬರು ಪೋಷಕರನ್ನು ಜೊತೆಗೆ ಕರೆದೊಯ್ದರೆ ಮಾತಿಗೆ ತೂಕ ಬರುತ್ತದೆ, ಅವರ ಮಕ್ಕಳೂ ರಾತ್ರಿ ಅಳುತ್ತಿರುತ್ತಾರೆ. ಒಪ್ಪಿದರೆ ಅಲ್ಲೇ ಮುಂದುವರಿಸಿ. ಒಪ್ಪದೆ ಮಗುವನ್ನು ಎಲ್ಲರೆದುರು ನಿಲ್ಲಿಸುವ, ‘ಸ್ಲೋ’ ಎಂದು ಕರೆಯುವ ಅಭ್ಯಾಸ ನಿಲ್ಲದಿದ್ದರೆ ಕಟ್ಟಿದ ಶುಲ್ಕದ ಮುಖ ನೋಡದೆ ಈ ತಿಂಗಳಲ್ಲೇ ಬಿಡಿಸಿ. ವರ್ಷದ ಮಧ್ಯದಲ್ಲೂ ಅಂಗನವಾಡಿಗೆ ಸೇರಿಸಬಹುದು.